ಟೈರು ಕುಡಿಯುವ ಪೆಟ್ರೋಲು

ನಮ್ಮ ಕಾರಿನಲ್ಲಿ ಸ್ಟೀರಿಂಗಿನ ಪಕ್ಕದ ಗೂಡಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇರುತ್ತದೆ. ಟ್ಯಾಂಕ್ ಫುಲ್ ಮಾಡಿಸಿದಾಗಲೆಲ್ಲ ತಾರೀಖು, ಓಡಿದ ಕಿಲೋಮೀಟರ್, ಹಾಕಿಸಿದ ಲೀಟರ್ ಬರೆದಿಡುವುದು ಸ್ಕೂಟರಿನ ಕಾಲದಿಂದಲೂ ನನಗೆ ರೂಢಿ. ಕಳೆದ ವರ್ಷ ಮಾರ್ಚ್‌ವರೆಗಿನ ಪುಟಗಳಲ್ಲೆಲ್ಲ ಲೀಟರಿಗೆ 21, 22. ಏಪ್ರಿಲ್‌ನಿಂದ ಈಚೆಗೆ 19, 20. ಬೇಸಿಗೆ, ಎ.ಸಿ. ಜಾಸ್ತಿ ಹಾಕಿದ್ದೇನೆ ಅಂದುಕೊಂಡೆ. ಮಳೆ ಹಿಡಿದರೂ ಅಂಕಿ ಮೇಲೇಳಲಿಲ್ಲ. ನಮ್ಮದು ಹೈಬ್ರಿಡ್ ಕಾರು. ಬ್ಯಾಟರಿ ಸೋಲುತ್ತಿದೆಯೇ ಎಂಬ ಭಯ ಶುರುವಾಯಿತು. ಸರ್ವಿಸ್‌ನವರು ನೋಡಿ, ಬ್ಯಾಟರಿಗೆ ಏನೂ ಆಗಿಲ್ಲ ಅಂದರು. ಒಂದು ದಿನ ಹಿಂದಿನ ಪುಟಗಳನ್ನು ತಿರುವುತ್ತಿರುವಾಗ ಏಪ್ರಿಲ್ ಪುಟದ ಅಂಚಿನಲ್ಲಿ ನನ್ನದೇ ಕೈಬರಹ ಕಣ್ಣಿಗೆ ಬಿತ್ತು: ‘ನಾಲ್ಕೂ ಟೈರ್ ಹೊಸದು.’

ಆ ದಿನ ಅಂಗಡಿಯಲ್ಲಿ ನಡೆದದ್ದು ಚೆನ್ನಾಗಿ ನೆನಪಿದೆ. ‘ಸಾರ್, ಕಂಪನಿಯಿಂದ ಬಂದದ್ದು ಸಣಕಲು ಟೈರ್. ಇದು ಒಂದು ಸೈಜ್ ಅಗಲ. ನೋಡೋಕೂ ಚೆನ್ನಾಗಿರುತ್ತೆ, ರೋಡ್ ಗ್ರಿಪ್ಪೂ ಚೆನ್ನಾಗಿರುತ್ತೆ’ ಅಂದಿದ್ದರು. ನಾನು ಬೆಲೆ ಕೇಳಿದೆ, ವಾರಂಟಿ ಕೇಳಿದೆ, ಯಾವ ವರ್ಷ ತಯಾರಾದದ್ದು ಎಂದು ಪಕ್ಕೆಯ ಮೇಲಿನ ಅಂಕಿ ಓದಿದೆ. ಎಷ್ಟು ಹಗುರವಾಗಿ ಉರುಳುತ್ತದೆ ಎಂದು ಕೇಳಲಿಲ್ಲ. ಕೇಳಬೇಕೆಂದೇ ಗೊತ್ತಿರಲಿಲ್ಲ. ಕಾರು ಕೊಳ್ಳುವ ಮೊದಲು ಆರು ತಿಂಗಳು ಮೈಲೇಜಿನ ಅಂಕಿಗಳನ್ನು ಹೋಲಿಸಿ, ಹೈಬ್ರಿಡ್ ಎಂಬ ಒಂದೇ ಕಾರಣಕ್ಕೆ ಲಕ್ಷಗಟ್ಟಲೆ ಹೆಚ್ಚು ಕೊಟ್ಟು, ಕೊನೆಗೆ ನೆಲ ಮುಟ್ಟುವ ಭಾಗವನ್ನು ಅರ್ಧ ಗಂಟೆಯಲ್ಲಿ ಆರಿಸಿ ಬಂದಿದ್ದೆ.

ಟೈರಿಗೂ ಮೈಲೇಜಿಗೂ ಇರುವ ನಂಟು ನನಗೆ ಅರ್ಥವಾದದ್ದು ಸುಳ್ಯದ ಹತ್ತಿರ ಹೆಂಡತಿಯ ತವರಿನಲ್ಲಿ. ಭಾವನ ರಬ್ಬರ್ ತೋಟದಲ್ಲಿ ಮಕ್ಕಳು ರಬ್ಬರ್ ಹಾಲಿನ ಕಪ್ಪುಗಳಲ್ಲಿ, ಮರದ ಗೀರುಗಳಲ್ಲಿ ಅಂಟಿಕೊಂಡು ಒಣಗಿದ ರಬ್ಬರಿನ ಎಳೆಗಳನ್ನು ಕಿತ್ತು, ಉಂಡೆ ಸುತ್ತಿ ಚೆಂಡು ಮಾಡುತ್ತವೆ. ಅಂಗಳದ ಸಿಮೆಂಟಿನ ಮೇಲೆ ಬಿಟ್ಟರೆ ಆ ಚೆಂಡು ಹೆಚ್ಚುಕಡಿಮೆ ಬಿಟ್ಟ ಎತ್ತರಕ್ಕೇ ಪುಟಿದು ಬರುತ್ತದೆ. ಪೇಟೆಯಿಂದ ತಂದ ಅಗ್ಗದ ಚೆಂಡುಗಳಲ್ಲಿ ಕೆಲವು ಅದೇ ನೆಲಕ್ಕೆ ಬಿದ್ದು ‘ಧಪ್’ ಎಂದು ಅಲ್ಲೇ ಕೂರುತ್ತವೆ. ಪುಟಿಯುವ ಚೆಂಡು ಬಿದ್ದಾಗ ಪಡೆದ ಶಕ್ತಿಯನ್ನು ತಿರುಗಿ ಕೊಡುತ್ತದೆ. ಕೂರುವ ಚೆಂಡು ಅದನ್ನು ಮೈಯೊಳಗೇ ಬಿಸಿಯಾಗಿ ಕಳೆದುಬಿಡುತ್ತದೆ.

ಟೈರಿನಲ್ಲಿ ನಡೆಯುವುದೂ ಇದೇ. ಕಾರಿನ ಭಾರಕ್ಕೆ ಟೈರಿನ ತಳ ಅಂಗೈ ಅಗಲ ಚಪ್ಪಟೆಯಾಗುತ್ತದೆ. ಮುಂದಕ್ಕೆ ಉರುಳಿದಾಗ ಆ ಜಾಗ ಮತ್ತೆ ದುಂಡಗಾಗಿ ಅದರ ಪಕ್ಕದ್ದು ಚಪ್ಪಟೆಯಾಗುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಟೈರಿನ ಪ್ರತಿ ಭಾಗವೂ ಸೆಕೆಂಡಿಗೆ ಸುಮಾರು ಎಂಟು ಸಲ ಹೀಗೆ ಅಮುಕಿಸಿಕೊಂಡು ಎದ್ದೇಳುತ್ತದೆ. ಅಮುಕಲು ತೆಗೆದುಕೊಂಡ ಶಕ್ತಿಯನ್ನು ಏಳುವಾಗ ಪೂರ್ತಿ ಹಿಂತಿರುಗಿಸುವುದಿಲ್ಲ. ಉಳಿಸಿಕೊಂಡದ್ದು ಬಿಸಿಯಾಗುತ್ತದೆ. ದೂರದ ಪ್ರಯಾಣ ಮುಗಿಸಿ ಟೈರ್ ಮುಟ್ಟಿ ನೋಡಿ. ಆ ಬೆಚ್ಚಗಿನದರಲ್ಲಿ ನೀವು ಕೊಂಡ ಪೆಟ್ರೋಲಿನ ಒಂದು ಪಾಲು ಇದೆ. ಇದನ್ನೇ ರೋಲಿಂಗ್ ರೆಸಿಸ್ಟೆನ್ಸ್ ಅನ್ನುತ್ತಾರೆ. ನಾನು ಉರುಳುತಡೆ ಎಂದು ಕರೆಯುತ್ತೇನೆ.

ಎಷ್ಟಿರುತ್ತದೆ ಈ ತಡೆ? ಸಾಧಾರಣ ಕಾರಿನ ಟೈರಿನಲ್ಲಿ ಭಾರದ ನೂರರಲ್ಲಿ ಒಂದು ಭಾಗದಷ್ಟು ಅಂದುಕೊಳ್ಳಬಹುದು. ಜನ, ಸಾಮಾನು ಸೇರಿ 1500 ಕಿಲೋ ತೂಗುವ ಕಾರಿಗೆ 15 ಕಿಲೋ ಎಳೆತ. ಒಂದು ಸಣ್ಣ ಅಕ್ಕಿ ಮೂಟೆಯನ್ನು ಹಗ್ಗಕ್ಕೆ ಕಟ್ಟಿ ಬಾವಿಯಿಂದ ಮೇಲೆಳೆಯುವಷ್ಟು ಬಲವನ್ನು ಕಾರು ಓಡುವಷ್ಟು ದೂರವೂ ಬಿಡದೆ ಹಾಕುತ್ತಲೇ ಇರಬೇಕು. ಒಳ್ಳೆಯ ಟೈರಿನಲ್ಲಿ ಅದು 12 ಕಿಲೋಗೆ, ಇನ್ನೂ ಕೆಳಗೆ ಇಳಿಯುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಹೆದ್ದಾರಿಯಲ್ಲಿ ಅದರದೇ ಮೇಲುಗೈ. ಆದರೆ ಗಂಟೆಗೆ 60 ಕಿ.ಮೀ. ಆಸುಪಾಸಿನವರೆಗೆ ಸಾಮಾನ್ಯ ಗಾತ್ರದ ಕಾರನ್ನು ಗಾಳಿಗಿಂತ ಹೆಚ್ಚು ಹಿಡಿದೆಳೆಯುವುದು ಟೈರೇ. ನಮ್ಮ ಊರಿನೊಳಗಿನ ಓಡಾಟ ಪೂರ್ತಿ ಆ ವೇಗದ ಕೆಳಗೇ ನಡೆಯುತ್ತದೆ.

ಹೈಬ್ರಿಡ್ ಕಾರಿಗೆ ಇದು ಇನ್ನೂ ಹತ್ತಿರದ ವಿಷಯ. ಮಾಮೂಲಿ ಕಾರಿನಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ಓಟದ ಶಕ್ತಿ ಬ್ರೇಕ್ ಪ್ಯಾಡುಗಳಲ್ಲಿ ಸುಟ್ಟುಹೋಗುತ್ತದೆ. ಹೈಬ್ರಿಡ್‌ನಲ್ಲಿ ಮೋಟಾರು ಆಗ ಡೈನಮೊ ಥರ ತಿರುಗಿ ಅದರಲ್ಲಿ ದೊಡ್ಡ ಪಾಲನ್ನು ಬ್ಯಾಟರಿಗೆ ತುಂಬುತ್ತದೆ. ಸಿಗ್ನಲ್‌ನಲ್ಲಿ ಎಂಜಿನ್ ನಿಲ್ಲುತ್ತದೆ, ನಿಧಾನ ಓಟದಲ್ಲಿ ಮೋಟಾರೇ ಎಳೆಯುತ್ತದೆ. ಕಳೆದುಹೋಗುತ್ತಿದ್ದುದನ್ನು ಹೆಕ್ಕಿ ಜೋಪಾನ ಮಾಡುವುದರಿಂದಲೇ ಇದಕ್ಕೆ ಮೈಲೇಜ್. ಟೈರಿನಲ್ಲಿ ಬಿಸಿಯಾಗಿ ಹೋದದ್ದನ್ನು ಮಾತ್ರ ಯಾವ ಮೋಟಾರೂ ಹೆಕ್ಕಲಾರದು. ಅಷ್ಟೇ ಅಲ್ಲ, ನಮ್ಮ ಮೈಸೂರಿನ ವಿಜಯನಗರದ ವಾಟರ್ ಟ್ಯಾಂಕ್ ಕಡೆಯಿಂದ ಇಳಿಜಾರಿನಲ್ಲಿ ಕಾಲು ತೆಗೆದು ಬಿಟ್ಟಾಗ ಟೈರಿನ ಉರುಳುತಡೆ ಹೆಚ್ಚಿದ್ದರೆ, ಬ್ಯಾಟರಿ ಸೇರಬೇಕಾದ ಶಕ್ತಿಯಿಂದಲೇ ಅದು ತನ್ನ ಪಾಲು ಮೊದಲು ಎತ್ತಿಕೊಳ್ಳುತ್ತದೆ. ಬೇರೆ ಸೋರಿಕೆಗಳನ್ನೆಲ್ಲ ಎಂಜಿನಿಯರುಗಳು ಮುಚ್ಚಿದ ಮೇಲೆ ಉಳಿದ ಸೋರಿಕೆಗಳಲ್ಲಿ ದೊಡ್ಡದೊಂದು ಇದು. 1997ರ ಡಿಸೆಂಬರ್‌ನಲ್ಲಿ ಟೊಯೋಟಾ ಜಪಾನಿನಲ್ಲಿ ಪ್ರಿಯಸ್ ಮಾರಾಟಕ್ಕಿಟ್ಟಾಗಲೇ ಹಗುರವಾಗಿ ಉರುಳುವ ಟೈರುಗಳನ್ನು ಆರಿಸಿ ಹಾಕಿತ್ತು. ನನ್ನ ಕಾರಿನ ಆ ‘ಸಣಕಲು’ ಟೈರುಗಳೂ ಲೆಕ್ಕ ಹಾಕಿ ಕೊಟ್ಟವೇ ಇರಬೇಕು.

ಹಾಗಾದರೆ ಪುಟಿಯುವ ರಬ್ಬರಿನಿಂದಲೇ ಎಲ್ಲ ಟೈರನ್ನೂ ಮಾಡಬಾರದೇ? ತೊಡಕು ಇರುವುದು ಅಲ್ಲೇ. ರಸ್ತೆಯ ಕಲ್ಲುಹರಳುಗಳ ಮೇಲೆ ಅಂಟಿ ಹಿಡಿಯಲು ‘ಧಪ್’ ಎಂದು ಕೂರುವ ಗುಣವೇ ಬೇಕು. ಶಕ್ತಿಯನ್ನು ನುಂಗಿಕೊಳ್ಳುವ ರಬ್ಬರೇ ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿಸುವ ರಬ್ಬರು. ಬಹಳ ಕಾಲ ಒಂದನ್ನು ಗಳಿಸಿದರೆ ಇನ್ನೊಂದು ಕಳೆಯುತ್ತಿತ್ತು. ಗಂಟು ಸಡಿಲಿಸಿದ್ದು ಮರಳಿನ ನೆಂಟನಾದ ಸಿಲಿಕಾ. ಟೈರ್ ಗಟ್ಟಿಯಾಗಲೆಂದು ರಬ್ಬರಿಗೆ ಬೆರೆಸುತ್ತಿದ್ದ ಕಾರ್ಬನ್ ಬ್ಲ್ಯಾಕ್‌ನ ಜಾಗದಲ್ಲಿ ನುಣುಪಾದ ಸಿಲಿಕಾ ಪುಡಿ ಸೇರಿಸಿ, ಅದು ರಬ್ಬರಿಗೆ ಕಚ್ಚಿಕೊಳ್ಳುವಂತೆ ಸಿಲೇನ್ ಎಂಬ ಬೆಸುಗೆ ರಾಸಾಯನಿಕ ಬಳಸಿದ ಟೈರನ್ನು ಫ್ರಾನ್ಸಿನ ಮಿಶೆಲಿನ್ 1992ರಲ್ಲಿ ಮಾರುಕಟ್ಟೆಗೆ ತಂದಿತು. ಉರುಳುವಾಗ ರಬ್ಬರ್ ಅಮುಕುವುದು ಸೆಕೆಂಡಿಗೆ ಕೆಲವೇ ಸಲ. ಬ್ರೇಕ್ ಹಿಡಿದಾಗ ರಸ್ತೆಯ ಸಣ್ಣ ಉಬ್ಬುಗಳು ಅದನ್ನು ಕುಟ್ಟುವುದು ಸೆಕೆಂಡಿಗೆ ಸಾವಿರಾರು ಸಲ. ನಿಧಾನದ ಅಮುಕಿಗೆ ಪುಟಿಯುವ ಚೆಂಡಾಗಿ, ವೇಗದ ಕುಟ್ಟಿಗೆ ಕೂರುವ ಚೆಂಡಾಗಿ ನಡೆದುಕೊಳ್ಳುವ ಮಿಶ್ರಣವದು. ಒಂದೇ ವಸ್ತುವಿನಿಂದ ಎರಡು ಸ್ವಭಾವ ಹೊರಡಿಸಿದ ಆ ಕೆಲಸಗಾರರ ಬಗ್ಗೆ ನನಗೆ ದೊಡ್ಡ ಗೌರವವಿದೆ. ಈಗ ಭತ್ತದ ಹೊಟ್ಟು ಸುಟ್ಟ ಬೂದಿಯಿಂದಲೂ ಟೈರಿಗೆ ಬೇಕಾದ ಸಿಲಿಕಾ ತೆಗೆಯುತ್ತಾರೆ. ಗುಡ್‌ಇಯರ್ ಕಂಪನಿ ಅದನ್ನು ಬಳಸುತ್ತಿದೆ. ಅಕ್ಕಿ ಗಿರಣಿಯ ಹಿಂದೆ ರಾಶಿ ಬಿದ್ದ ಹೊಟ್ಟು ಕಂಡಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ನಾನು ಸುಳ್ಯಕ್ಕೆ ಹೋಗುವ 275ನೇ ರಾಷ್ಟ್ರೀಯ ಹೆದ್ದಾರಿಯನ್ನು ಇತ್ತೀಚೆಗೆ ಬೇರೆ ಕಣ್ಣಿನಿಂದ ನೋಡುತ್ತಿದ್ದೇನೆ. ಅದರ ಒಂದು ತುದಿಗೆ ಹತ್ತಿರದ ಬಿಡದಿಯಲ್ಲಿ ಟೊಯೋಟಾದ ಕ್ಯಾಮ್ರಿ, ಹೈರೈಡರ್, ಇನೋವಾ ಹೈಕ್ರಾಸ್ ಹೈಬ್ರಿಡ್‌ಗಳು ತಯಾರಾಗುತ್ತವೆ. ಅದು ಹಾದುಹೋಗುವ ಮೈಸೂರಿನಲ್ಲಿ ಹಿಂದೆ ವಿಕ್ರಾಂತ್ ಎಂದು ಮನೆಮಾತಾಗಿದ್ದ, ಈಗ ಜೆ.ಕೆ. ಟೈರ್‌ನ ಕೈಯಲ್ಲಿರುವ ಕಾರ್ಖಾನೆ ಇದೆ. ಘಟ್ಟ ಇಳಿದರೆ ಸುಳ್ಯದ ರಬ್ಬರ್. ಅಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ತೋಟಗಳಲ್ಲಿ, 1964ರ ಭಾರತ–ಶ್ರೀಲಂಕಾ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳವರು ತಲೆಮಾರಿನಿಂದ ಬೆಳಗಿನ ಜಾವ ಎದ್ದು ಮರ ಗೀರಿ ಹಾಲು ಇಳಿಸುತ್ತಿದ್ದಾರೆ. ಕಾರು, ಟೈರು, ರಬ್ಬರು ಮೂರೂ ನಮ್ಮ ದಾರಿಯಲ್ಲೇ ಇವೆ. ಆದರೂ ಅಂಗಡಿ ಮುಂದೆ ನಿಂತಾಗ ಕೇಳಬೇಕಾದ ಪ್ರಶ್ನೆ ನಮ್ಮ ಬಾಯಿಗೆ ಬರುವುದಿಲ್ಲ.

ನನ್ನ ತಮ್ಮನ ಬಾಯಿಗೆ ಬಂದಿತ್ತು. ಅವನದೂ ಅದೇ ಮಾದರಿಯ ಕಾರು, ಅದೇ ವರ್ಷದ್ದು. ಟೈರು ಸವೆದಾಗ ಅವನು ಕಾರಿನ ಜೊತೆ ಬಂದ ಅಳತೆಯನ್ನು ಬದಲಿಸಲಿಲ್ಲ. ಯುರೋಪಿನಲ್ಲಿ 2012ರ ನವೆಂಬರ್‌ನಿಂದ ಪ್ರತಿ ಕಾರ್ ಟೈರಿಗೂ ಚೀಟಿ ಕಡ್ಡಾಯ. ಉರುಳುತಡೆಗೆ, ಒದ್ದೆ ರಸ್ತೆಯ ಹಿಡಿತಕ್ಕೆ ದರ್ಜೆ, ಜೊತೆಗೆ ಸದ್ದಿನ ಅಳತೆ. 2021ರ ಮೇ ತಿಂಗಳಿಂದ ದರ್ಜೆಗಳು ಎ ಯಿಂದ ಇ ವರೆಗೆ. ನಮ್ಮಲ್ಲೂ ಇಂಧನ ದಕ್ಷತಾ ಬ್ಯೂರೊ ಫ್ರಿಜ್ಜಿಗೆ, ಫ್ಯಾನಿಗೆ ಕೊಡುವಂಥದೇ ಸ್ಟಾರ್ ಗುರುತನ್ನು ಟೈರುಗಳಿಗೂ ತಂದಿದೆ. ತಮ್ಮ ಇವನ್ನೆಲ್ಲ ನೋಡಿಕೊಂಡು, ಉರುಳುತಡೆ, ಒದ್ದೆ ರಸ್ತೆಯ ಹಿಡಿತ ಎರಡರಲ್ಲೂ ಒಳ್ಳೆಯ ದರ್ಜೆಯದನ್ನೇ ತರಿಸಿ ಹಾಕಿಸಿದ. ಈ ಮೇ ತಿಂಗಳಲ್ಲಿ ಮದುವೆಗೆಂದು ಇಬ್ಬರೂ ಸುಳ್ಯಕ್ಕೆ ಹೋದಾಗ ಮೈಸೂರಿನ ಒಂದೇ ಬಂಕಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿ, ಹಿಂತಿರುಗಿ ಅಲ್ಲೇ ಮತ್ತೆ ಫುಲ್ ಮಾಡಿಸಿದೆವು. ಸುಮಾರು 340 ಕಿ.ಮೀ. ಅವನಿಗೆ ಲೀಟರಿಗೆ 22. ನನಗೆ 20ಕ್ಕೆ ಕೂದಲೆಳೆ ಮೇಲೆ.

ಈ ಎರಡು ಕಿಲೋಮೀಟರನ್ನು ಪೂರ್ತಿ ಟೈರಿನ ತಲೆಗೆ ಕಟ್ಟಲಾರೆ. ಅವನ ಕಾಲು ನನ್ನ ಕಾಲಿಗಿಂತ ಹಗುರ. ನೋಟ್‌ಬುಕ್ಕಿನ ಕುಸಿತಕ್ಕೂ ಬೇರೆ ಕಾರಣಗಳು ಬೆರೆತಿವೆ. ಹೊಸ ಟೈರಿನ ಮೈಮೇಲೆ ದಪ್ಪ ರಬ್ಬರ್ ಇರುತ್ತದೆ, ಅಮುಕುವುದಕ್ಕೆ ಹೆಚ್ಚು ಸರಕು. ಸವೆದ ಟೈರು ಸಾಮಾನ್ಯವಾಗಿ ಸಲೀಸಾಗಿ ಉರುಳುತ್ತದೆ. ಹೊಸದರ ಸುತ್ತಳತೆ ಕೊಂಚ ದೊಡ್ಡದಾದ್ದರಿಂದ ಮೀಟರ್ ಓಡಿದ ದೂರವನ್ನು ತುಸು ಕಡಿಮೆಯೇ ತೋರಿಸುತ್ತದೆ. ಅಗಲವೊಂದೇ ದೋಷವಲ್ಲ, ರಬ್ಬರಿನ ಮಿಶ್ರಣವೇ ಮುಖ್ಯ. ಅಮೆರಿಕದ ಸಾರಿಗೆ ಸಂಶೋಧನಾ ಮಂಡಳಿ 2006ರಲ್ಲಿ ಕೊಟ್ಟ ವರದಿಯ ಪ್ರಕಾರ ಉರುಳುತಡೆ ನೂರಕ್ಕೆ 10 ತಗ್ಗಿದರೆ ಇಂಧನದಲ್ಲಿ ಉಳಿಯುವುದು ನೂರಕ್ಕೆ 1ರಿಂದ 2. ತಡೆಯನ್ನು ನೂರಕ್ಕೆ 20ರಷ್ಟು ಇಳಿಸುವ ಟೈರ್ ಸಿಕ್ಕಿತು, ಉಳಿತಾಯ 3 ಅನ್ನೋಣ. ವರ್ಷಕ್ಕೆ 15,000 ಕಿ.ಮೀ. ಓಡುವ, ಲೀಟರಿಗೆ 20 ಕೊಡುವ ಕಾರು 750 ಲೀಟರ್ ಕುಡಿಯುತ್ತದೆ. ಅದರಲ್ಲಿ 22 ಲೀಟರ್ ಉಳಿಯಿತು. ಲೀಟರಿಗೆ ನೂರು ರೂಪಾಯಿಯ ಲೆಕ್ಕದಲ್ಲಿ ನಾಲ್ಕು ವರ್ಷಕ್ಕೆ ಎಂಟು ಸಾವಿರದ ಎಂಟುನೂರು. ಒಂದು ಟೈರಿನ ದುಡ್ಡು ಹುಟ್ಟಿತು. ಮನೆಗೆ ಇದು ದೊಡ್ಡ ಮೊತ್ತವಲ್ಲದಿರಬಹುದು. ಆದರೆ ಏನನ್ನೂ ಬಿಟ್ಟುಕೊಡದೆ, ಹೇಗಿದ್ದರೂ ಕೊಳ್ಳಲೇಬೇಕಾದ ವಸ್ತುವನ್ನು ನೋಡಿ ಕೊಂಡದ್ದಕ್ಕೆ ಸಿಗುವ ಪೆಟ್ರೋಲು ಅದು. ಊರಿನ ಸಾವಿರಾರು ಕಾರುಗಳ ಲೆಕ್ಕದಲ್ಲಿ ನೋಡಿದರೆ ನನಗೆ ಅದು ಸಣ್ಣದೆನಿಸುವುದಿಲ್ಲ.

ಒಂದನ್ನು ಮಾತ್ರ ನಾನು ಗಟ್ಟಿಯಾಗಿ ಹೇಳುತ್ತೇನೆ. ಮೈಲೇಜಿನ ಆಸೆಗೆ ಒದ್ದೆ ರಸ್ತೆಯ ಹಿಡಿತವನ್ನು ಮಾರಬಾರದು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ತಿರುವುಗಳಲ್ಲಿ ಜುಲೈ ಮಳೆಗೆ ರಸ್ತೆ ಮೇಲೆ ಹಳ್ಳವೇ ಹರಿಯುತ್ತದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲದಲ್ಲಿ ಗುಡ್ಡವೇ ಜಾರಿ ಬಂದದ್ದನ್ನು ಕಂಡ ಊರಿನವರು ಆ ದಾರಿಯಲ್ಲಿ ಈಗಲೂ ಉಸಿರು ಹಿಡಿದೇ ಹೋಗುತ್ತಾರೆ. ಅಲ್ಲಿ ಎದುರಿಗೆ ಬಸ್ಸು ಬಂದಾಗ ಕಾರು ನಾಲ್ಕು ಮೀಟರ್ ಮೊದಲು ನಿಲ್ಲುವುದಕ್ಕೆ ಬೆಲೆ ಕಟ್ಟಲಾಗದು. ಚೀಟಿಯಲ್ಲಿ ಎರಡು ದರ್ಜೆ ಅಕ್ಕಪಕ್ಕ ಇರುವುದು ಎರಡನ್ನೂ ಓದಲೆಂದೇ. ಉರುಳುವುದರಲ್ಲಿ ಮೇಲಿನ ದರ್ಜೆ, ಮಳೆಯಲ್ಲಿ ಕೆಳಗಿನದು ಅಂದರೆ ನಾನಂತೂ ಕೊಳ್ಳುವುದಿಲ್ಲ.

ನನ್ನ ಟೈರುಗಳಲ್ಲಿ ಇನ್ನೂ ಎರಡು ವರ್ಷದ ಆಯುಷ್ಯ ಇದೆ. ಚೆನ್ನಾಗಿರುವುದನ್ನು ಎಸೆಯಲು ಮನಸ್ಸು ಬಾರದು. ಎಸೆದರೆ ಉಳಿಸುವುದಕ್ಕಿಂತ ಕಳೆಯುವುದೇ ಹೆಚ್ಚು. ಅಲ್ಲಿಯವರೆಗೆ ನನ್ನ ಕೈಲಾಗುವುದು ಗಾಳಿ ಸರಿಯಾಗಿ ಇಟ್ಟುಕೊಳ್ಳುವುದು. ಗಾಳಿ ಕಡಿಮೆಯಾದಷ್ಟೂ ಟೈರು ಹೆಚ್ಚು ಚಪ್ಪಟೆಯಾಗುತ್ತದೆ, ಹೆಚ್ಚು ಬಿಸಿಯಾಗುತ್ತದೆ. ಒಂದೊಂದು ಪಿ.ಎಸ್.ಐ. ಇಳಿದಾಗಲೂ ಮೈಲೇಜ್ ನೂರಕ್ಕೆ 0.2ರಷ್ಟು ಇಳಿಯುತ್ತದೆ ಎಂಬುದು ಅಮೆರಿಕದ ಇಂಧನ ಇಲಾಖೆಯ ಲೆಕ್ಕ. ಹಾಗೆಂದು ಹೇಳಿದ್ದಕ್ಕಿಂತ ಹೆಚ್ಚು ತುಂಬಿಸಿದರೆ ನೆಲ ಮುಟ್ಟುವ ಜಾಗ ಕಿರಿದಾಗಿ ಮಳೆಯಲ್ಲಿ ಜಾರುವ ಅಪಾಯ. ಡ್ರೈವರ್ ಬಾಗಿಲಿನ ಕಂಬದ ಮೇಲೆ ಅಂಟಿಸಿದ ಚೀಟಿಯಲ್ಲಿರುವ ಅಂಕಿಯೇ ಸರಿ. ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ, ಟೈರು ಇನ್ನೂ ತಣ್ಣಗಿರುವಾಗಲೇ ಮನೆ ಹತ್ತಿರದ ಬಂಕಿಗೆ ಹೋಗುತ್ತೇನೆ.

ನಾಳೆಯೂ ಐದೂವರೆಗೆ ಹೋಗಬೇಕು. ಭಾವನ ಮನೆಯಲ್ಲಿ ಪೂಜೆ, ತಮ್ಮನೂ ಬರುತ್ತಿದ್ದಾನೆ. ಹೋಗುವಾಗ ಅವರವರ ಕಾರು ಅವರವರು, ಬರುವಾಗ ಅವನ ಕಾರು ನಾನು, ನನ್ನ ಕಾರು ಅವನು ಎಂದು ಮಾತಾಗಿದೆ. ಸುಳ್ಯದ ಬಂಕಿನಲ್ಲಿ ಒಮ್ಮೆ, ಮೈಸೂರಿನಲ್ಲಿ ಒಮ್ಮೆ ಫುಲ್ ಮಾಡಿಸಿದರೆ ಕಾಲಿನ ಪಾಲೆಷ್ಟು, ಟೈರಿನ ಪಾಲೆಷ್ಟು ಎಂದು ಸ್ವಲ್ಪವಾದರೂ ಬಿಡಿಸಿ ನೋಡಬಹುದು. ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಗೆರೆ ಹಾಕಿ ಇಟ್ಟಿದ್ದೇನೆ.