ಸಾಲಕ್ಕಿಂತ ಮೊದಲು ನೆಲೆ

ತುಂಗಭದ್ರೆಯ ಈ ಸೀಮೆಯಲ್ಲಿ ಪೇಟೆ ಒಂದೇ, ಜಿಲ್ಲೆ ಮೂರು. ಕಂಪ್ಲಿಯ ಕಿರಾಣಿ ಅಂಗಡಿಗೆ ಸರಕು ಬರುವುದು ಹೊಸಪೇಟೆಯಿಂದ. ಸಂಡೂರಿನ ದರ್ಜಿ ದಾರ, ಗುಂಡಿ, ಲೈನಿಂಗ್ ಬಟ್ಟೆಗೆ ಬಸ್ಸು ಹತ್ತುವುದೂ ಹೊಸಪೇಟೆಗೇ. ಹೊಳೆಯಾಚೆ ಆನೆಗೊಂದಿಯ ಹೆಣ್ಣುಮಕ್ಕಳು ಬಾಳೆನಾರಿನಲ್ಲಿ ಹೆಣೆದ ಬುಟ್ಟಿಯನ್ನು ಕೊಳ್ಳುವವರು ಹಂಪಿ ನೋಡಲು ಬಂದವರು. 2021ರಲ್ಲಿ ಬಳ್ಳಾರಿ ಒಡೆದು ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ ಜಿಲ್ಲಾ ಕೇಂದ್ರವಾಯಿತು, ಹಂಪಿಯೂ ಅದರೊಳಗೇ ಬಂತು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಆನೆಗೊಂದಿ ಮೊದಲಿನಂತೆ ಕೊಪ್ಪಳದ್ದು. ಹೀಗಾಗಿ ಕಂಪ್ಲಿಯವರು ವ್ಯಾಪಾರಕ್ಕೆ ಪಶ್ಚಿಮಕ್ಕೆ ಹೋದರೆ ಜಿಲ್ಲಾ ಕೈಗಾರಿಕಾ ಕೇಂದ್ರದ ಕಾಗದಪತ್ರಕ್ಕೆ ಪೂರ್ವಕ್ಕೆ ಹೋಗಬೇಕು.

ಜಿಲ್ಲೆ ಒಡೆದದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಹರಪನಹಳ್ಳಿ, ಹೂವಿನಹಡಗಲಿಯವರಿಗೆ ಅದರಿಂದ ಕಚೇರಿ ಹತ್ತಿರವಾಗಿದೆ. ನನ್ನನ್ನು ಕಾಡುವ ವಿಚಾರ ಬೇರೆ. ಸರ್ಕಾರಕ್ಕೆ ಸಣ್ಣ ವ್ಯಾಪಾರಿ ಗೊತ್ತಾಗುವುದು ತಾಲೂಕು, ಜಾತಿ, ಆದಾಯ, ಆರ್ಥಿಕ ವರ್ಷ ಇವುಗಳ ಮೂಲಕ. ವ್ಯಾಪಾರಿ ಬದುಕುವುದು ಕೂತ ಜಾಗ, ಹಂಗಾಮು, ಗಿರಾಕಿಯ ಪರಿಚಯ ಇವುಗಳ ಮೇಲೆ. ಈ ಎರಡು ಲೆಕ್ಕಗಳು ಒಂದಕ್ಕೊಂದು ಕೂಡಿದಲ್ಲಿ ನೆರವು ನೆರವಾಗುತ್ತದೆ. ಕೂಡದಿದ್ದಲ್ಲಿ ಹಣ ಬಂದರೂ ಅಂಗಡಿ ನಿಲ್ಲುವುದಿಲ್ಲ.

ಯೋಜನೆಗಳಿಗೇನೂ ನಮ್ಮಲ್ಲಿ ಬರವಿಲ್ಲ. ರಾಜ್ಯ ಹಣಕಾಸು ಸಂಸ್ಥೆ 1959ರಿಂದಲೇ ಸಣ್ಣ ಕೈಗಾರಿಕೆಗಳಿಗೆ ಸಾಲ ಕೊಡುತ್ತಾ ಬಂದಿದೆ. ಮುಖ್ಯಮಂತ್ರಿಗಳ ಸ್ವಯಂ ಉದ್ಯೋಗ ಯೋಜನೆಯಲ್ಲಿ 10 ಲಕ್ಷ ರೂಪಾಯಿವರೆಗಿನ ಘಟಕಕ್ಕೆ ಸಾಮಾನ್ಯ ವರ್ಗದವರಿಗೆ ಶೇ 25, ವಿಶೇಷ ವರ್ಗದವರಿಗೆ ಶೇ 35 ಸಹಾಯಧನವಿದೆ. ಮಹಿಳಾ ಅಭಿವೃದ್ಧಿ ನಿಗಮದ ‘ಉದ್ಯೋಗಿನಿ’ಯಲ್ಲಿ 3 ಲಕ್ಷದವರೆಗೆ ಬ್ಯಾಂಕ್ ಸಾಲ ಸಿಗುತ್ತದೆ, ಪರಿಶಿಷ್ಟ ಜಾತಿ, ಪಂಗಡದ ಮಹಿಳೆಯರಿಗೆ ಅದರಲ್ಲಿ ಅರ್ಧ ಸಹಾಯಧನ, ಉಳಿದವರಿಗೆ ಶೇ 30. ರೊಟ್ಟಿ ಮಾಡುವವರು, ಬಟ್ಟೆ ಹೊಲಿಯುವವರು, ಹಪ್ಪಳ, ಶಾವಿಗೆ ಮಾರುವವರು ಇದರಲ್ಲಿ ಬರುತ್ತಾರೆ. 2018ರಲ್ಲಿ ಬಂದ ‘ಬಡವರ ಬಂಧು’ ಇನ್ನೂ ಕೆಳಗಿಳಿಯಿತು. ತಳ್ಳುಗಾಡಿ, ಬುಟ್ಟಿ ವ್ಯಾಪಾರದವರಿಗೆ ಸಹಕಾರಿ ಬ್ಯಾಂಕಿನ ಮೂಲಕ 2 ಸಾವಿರದಿಂದ 10 ಸಾವಿರ ರೂಪಾಯಿ, ಬಡ್ಡಿಯಿಲ್ಲದೆ. ಬೆಳಿಗ್ಗೆ 900 ರೂಪಾಯಿ ಪಡೆದು ಸಂಜೆ 1,000 ಎಣಿಸಿಕೊಡುವ ಲೇವಾದೇವಿ ಗೊತ್ತಿರುವವರಿಗೆ ಆ ಚಿಕ್ಕ ಮೊತ್ತದ ಬೆಲೆ ತಿಳಿಯುತ್ತದೆ. ಮೈಕ್ರೋ ಫೈನಾನ್ಸ್ ವಸೂಲಿಯವರ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸುಗ್ರೀವಾಜ್ಞೆ ತಂದದ್ದೂ ಇದೇ ಜನರನ್ನು ಕಾಯುವ ಕೆಲಸ.

ಇಷ್ಟೆಲ್ಲ ಇದ್ದೂ ನಡುವೆ ಏನೋ ಸೋರಿಹೋಗುತ್ತದೆ. ಎಲ್ಲಿ ಎನ್ನುವುದು ನನಗೆ ಕಂಡದ್ದು ಒಂದು ಬ್ಯಾಂಕಿನ ಬೆಂಚಿನ ಮೇಲೆ. ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳ ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಕವರು, ಅದರೊಳಗೆ ಅವಳ ಅಂಗಡಿಯೆಲ್ಲ ಕಾಗದವಾಗಿ ಕೂತಿತ್ತು. ಜಾತಿ-ಆದಾಯ ಪ್ರಮಾಣಪತ್ರ, ಪಡಿತರ ಚೀಟಿಯ ಜೆರಾಕ್ಸು, ಆಧಾರ್, ಪಾಸ್‌ಬುಕ್ಕು, ಯಾರೋ ಟೈಪು ಮಾಡಿಕೊಟ್ಟ ಯೋಜನಾ ವರದಿ, ಹೊಲಿಗೆ ಮಷಿನ್ನಿನ ಕೊಟೇಶನ್ನು. ಆ ಕೊಟೇಶನ್ನಿನ ಮಡಿಕೆ ಹರಿದು, ಹಿಂದಿನಿಂದ ಟೇಪು ಹಚ್ಚಿತ್ತು. ಅದರ ಅವಧಿ ಮುಗಿದಿದೆ, ಹೊಸದು ತಾ ಎಂದು ಒಳಗಿನಿಂದ ಹೇಳಿ ಕಳಿಸಿದ್ದರು. ನಾನು ಮಾತಾಡಿಸಿದೆ.

“ಅರ್ಜಿ ಹಾಕಿದಾಗ ಆಷಾಢ ಇತ್ತಕ್ಕಾ. ಶ್ರಾವಣದಾಗ ಮಷಿನ್ ಬಂದಿದ್ರ ದಸರಾ, ದೀಪಾವಳಿ ಬ್ಲೌಸೆಲ್ಲಾ ನಾನೇ ಹೊಲಿತಿದ್ದೆ. ಈಗ ಮಂದಿ ಬ್ಯಾರೆ ಕಡಿ ರೂಢಿ ಆಗ್ಯಾರ. ಇನ್ನ ಮಷಿನ್ ಬಂದ್ರೂ ಗಿರಾಕೀನ ಮತ್ತ ಎಲ್ಲಿಂದ ತರ್ಲಿ?”

ಆಕೆಯ ಅರ್ಜಿಯನ್ನು ಯಾರೂ ತಿರಸ್ಕರಿಸಿರಲಿಲ್ಲ. ಮಾರ್ಚ್ ಒಳಗೆ ಮಂಜೂರಾದರೆ ಕಚೇರಿಯ ಲೆಕ್ಕದಲ್ಲಿ ಅದು ಸಾಧನೆಯೇ. ಅವಳ ಲೆಕ್ಕದಲ್ಲಿ ಹಂಗಾಮು ಕಳೆದುಹೋಗಿತ್ತು. ಮೂರು ಲಕ್ಷದ ಸಾಲವನ್ನು ಯಾವ ತಿಂಗಳಲ್ಲಿ ಕೊಡಬೇಕು ಎಂದು ಕೇಳುವ ಅಂಕಣ ಅರ್ಜಿಯಲ್ಲಿ ಇರುವುದಿಲ್ಲ. ದರ್ಜಿಗೆ, ಬಳೆಗಾರನಿಗೆ, ಮಣ್ಣಿನ ಹಣತೆ ಮಾಡುವ ಕುಂಬಾರನಿಗೆ ಮಾತ್ರ ಮೊತ್ತಕ್ಕಿಂತ ತಿಂಗಳೇ ಮುಖ್ಯ.

ಕಂಪ್ಲಿಗೆ ಹೋದರೆ ಈ ಮಾತು ಇನ್ನೂ ನಿಚ್ಚಳವಾಗುತ್ತದೆ. ಅದು ಭತ್ತ, ಕಬ್ಬಿನ ಊರು. ಕಾಲುವೆಗೆ ನೀರು ಬಿಟ್ಟರೆ ನಾಟಿಯ ಆಳು, ಟ್ರ್ಯಾಕ್ಟರ್ ರಿಪೇರಿ, ಗೊಬ್ಬರದ ಅಂಗಡಿ, ಸಂಜೆಯ ಒಗ್ಗರಣೆ-ಮಿರ್ಚಿ ಗಾಡಿ ಎಲ್ಲದಕ್ಕೂ ಜೀವ. ನೀರು ನಿಂತರೆ ಪೇಟೆ ತಣ್ಣಗಾಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ರೈತರ ಸಂಕಟ ಪತ್ರಿಕೆಗಳಲ್ಲಿ ಬಂತು, ಬರಬೇಕಾದದ್ದೇ. ಆ ದಿನಗಳಲ್ಲಿ ರೈತನಷ್ಟೇ ಕಂಗಾಲಾಗಿದ್ದವರು ರೈತನ ಕೈಯ ದುಡ್ಡನ್ನೇ ನಂಬಿದ ಸೈಕಲ್ ಶಾಪಿನವರು, ಹೋಟೆಲಿನವರು, ಕ್ಷೌರದಂಗಡಿಯವರು. ಬೆಳೆ ಹೋದರೆ ಬೆಳೆ ಪರಿಹಾರದ ಮಾತಾದರೂ ಬರುತ್ತದೆ. ವ್ಯಾಪಾರ ಹೋದರೆ ಅದಕ್ಕೊಂದು ಪರಿಹಾರದ ತಲೆಬರಹವೇ ಇಲ್ಲ. ಬೆಳೆಸಾಲದ ಮರುಪಾವತಿ ಕೊಯ್ಲಿಗೆ ಹೊಂದಿಕೊಂಡಿದೆ. ಅದೇ ಕೊಯ್ಲನ್ನು ನಂಬಿದ ಅಂಗಡಿಯ ಕಂತು ಮಾತ್ರ ಪ್ರತಿ ತಿಂಗಳೂ ತಪ್ಪದೆ ಬರುತ್ತದೆ. ಕಾಲುವೆಯ ಪಂಚಾಂಗ ಒಂದು, ಕಂತಿನ ಪಂಚಾಂಗ ಇನ್ನೊಂದು. ಆ ಅಂತರ ತುಂಬಲು ಜನ ಮತ್ತೆ ಮೀಟರ್ ಬಡ್ಡಿಯವನ ಬಾಗಿಲಿಗೆ ಹೋಗುತ್ತಾರೆ. ಸರ್ಕಾರಿ ಸಾಲ ತೀರಿಸಲು ಖಾಸಗಿ ಸಾಲ ಮಾಡಬೇಕಾದರೆ ಆ ಯೋಜನೆ ಯಾರಿಗೆ ನೆರವಾದಂತೆ?

ಕಾಲದ ಮಾತು ಹೀಗಾಯಿತು. ಜಾಗದ ಮಾತು ಇನ್ನೂ ಕಠಿಣ.

2011ರ ಜುಲೈ ಕೊನೆಯಲ್ಲಿ ನಮ್ಮ ಸೀಮೆಯ ಎರಡು ತುದಿಗಳಲ್ಲಿ ಎರಡು ಬದುಕುಗಳು ಒಮ್ಮೆಲೇ ನಿಂತವು. ಹಂಪಿಯ ವಿರೂಪಾಕ್ಷ ಬಜಾರಿನ ಕಲ್ಲುಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದವರನ್ನು ಒಕ್ಕಲೆಬ್ಬಿಸಲಾಯಿತು. ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ತಡೆಹಿಡಿಯಿತು. ಎರಡಕ್ಕೂ ಬಲವಾದ ಕಾರಣಗಳಿದ್ದವು. 1986ರಿಂದ ವಿಶ್ವಪರಂಪರೆಯ ಪಟ್ಟಿಯಲ್ಲಿರುವ ಸ್ಮಾರಕಗಳನ್ನು ಕಾಯಬೇಕಿತ್ತು. ಸಂಡೂರಿನ ಗುಡ್ಡ, ಕಾಡು, ಗಾಳಿಯನ್ನು ಅಕ್ರಮ ಗಣಿಗಾರಿಕೆಯ ಧೂಳಿನಿಂದ ಉಳಿಸಬೇಕಿತ್ತು. ಇವೆರಡನ್ನೂ ನಾನು ಒಪ್ಪುತ್ತೇನೆ. ಆದರೆ ಆ ದಿನ ಅಂಗಡಿ ಕಳೆದುಕೊಂಡ ಎಳನೀರಿನವನೂ, ಲಾರಿ ನಿಂತದ್ದರಿಂದ ಪಂಕ್ಚರ್ ಅಂಗಡಿಗೆ ಬೀಗ ಹಾಕಿದವನೂ ಆ ತಪ್ಪುಗಳ ದೊಡ್ಡ ಪಾಲುದಾರರಾಗಿರಲಿಲ್ಲ. ಶಿಕ್ಷೆಯಲ್ಲಿ ಮಾತ್ರ ಅವರದು ದೊಡ್ಡ ಪಾಲಾಯಿತು.

ಹಂಪಿಯವರಿಗೆ ಕಡ್ಡಿರಾಂಪುರದಲ್ಲಿ ನಿವೇಶನ ತೋರಿಸಲಾಯಿತು. ನಿವೇಶನದಲ್ಲಿ ಮನೆ ಕಟ್ಟಬಹುದು. ಗುಡಿಗೆ ಬಂದವರು ಅಲ್ಲಿಗೆ ನಡೆದು ಹೋಗಿ ಬಾಳೆಹಣ್ಣು, ಕಾಯಿ, ಕುಂಕುಮ ಕೊಳ್ಳುವುದಿಲ್ಲ. ಗುಡಿಯ ಮುಂದಿನ ಹತ್ತಡಿ ಜಾಗವೇ ಆ ವ್ಯಾಪಾರಿಯ ಬಂಡವಾಳ. ಅದನ್ನು ತೆಗೆದು ಒಂದು ಲಕ್ಷ ಸಾಲ ಕೊಟ್ಟರೆ ಅವನ ಕೈಗೆ ಬಂದದ್ದಕ್ಕಿಂತ ಹೋದದ್ದೇ ಹೆಚ್ಚು. ದುಡ್ಡೇ ದೊಡ್ಡಪ್ಪ ಎನ್ನುವ ಗಾದೆ ಸಣ್ಣ ವ್ಯಾಪಾರದ ಮಟ್ಟಿಗೆ ಅರ್ಧ ಮಾತ್ರ ನಿಜ. ಬೀದಿ ವ್ಯಾಪಾರಿಗಳ ಜೀವನೋಪಾಯ ಕಾಯುವ ಕೇಂದ್ರ ಕಾನೂನು ಬಂದದ್ದು 2014ರಲ್ಲಿ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಎಬ್ಬಿಸಬಾರದು, ವ್ಯಾಪಾರ ವಲಯ ಗುರುತಿಸಬೇಕು, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ವ್ಯಾಪಾರಿಗಳೂ ಕೂರಬೇಕು ಎಂದು ಅದು ಹೇಳುತ್ತದೆ. ಸಾಲದ ಯೋಜನೆಗಿಂತ ದೊಡ್ಡ ನೆರವು ಈ ಕಾನೂನಿನಲ್ಲಿದೆ. ಇದಕ್ಕೆ ಸರ್ಕಾರದ ಬೊಕ್ಕಸದಿಂದ ಹೆಚ್ಚು ಹಣವೂ ಬೇಡ, ಮನಸ್ಸು ಬೇಕು.

ಗಣಿ ಕಡೆಯ ಕಥೆ ಬೇರೆ. ಅಲ್ಲಿ ಹಣವೇ ಬಂದು ಕೂತಿದೆ. ಗಣಿ ಬಾಧಿತ ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಪುನಶ್ಚೇತನಕ್ಕೆ ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆ ಸುಪ್ರೀಂ ಕೋರ್ಟಿನ ಉಸ್ತುವಾರಿಯಲ್ಲಿದೆ. ರಸ್ತೆ, ಆಸ್ಪತ್ರೆ, ಶಾಲೆ, ಕುಡಿಯುವ ನೀರು ಎಲ್ಲವೂ ಬೇಕು. ಆದರೆ ಅದಿರು ಒಂದು ದಿನ ಮುಗಿಯುತ್ತದೆ. ಆ ದಿನಕ್ಕೆ ಸಂಡೂರಿನ ಹಳ್ಳಿಗಳಲ್ಲಿ ಗಣಿಯನ್ನು ನೆಚ್ಚದ ನೂರಾರು ಸಣ್ಣ ಕಸುಬುಗಳು ನಿಂತಿರಬೇಕಾದರೆ ಅದಕ್ಕೆ ಈಗಲೇ ಬೇರು ಬಿಡಿಸಬೇಕು.

ಹಾಗೆ ಬೇರು ಬಿಟ್ಟ ಒಂದು ಉದಾಹರಣೆ ಸಂಡೂರಿನಲ್ಲೇ ಇದೆ. 1984ರಲ್ಲಿ ಎಂ. ವೈ. ಘೋರ್ಪಡೆಯವರ ಆಸಕ್ತಿಯಿಂದ ಶುರುವಾದ ಸಂಡೂರು ಕುಶಲ ಕಲಾ ಕೇಂದ್ರ ಲಂಬಾಣಿ ತಾಂಡಾಗಳ ಹೆಣ್ಣುಮಕ್ಕಳ ಕಸೂತಿಯನ್ನು ನಾಲ್ಕು ದಶಕ ಕಾಪಾಡಿಕೊಂಡು ಬಂದಿದೆ. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಸೇರಿ ಮಾಡಿದ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ನನಗೆ ಆ ದಾಖಲೆಗಿಂತ ಅದರ ಹಿಂದಿನ ಏರ್ಪಾಡು ಮುಖ್ಯ. ಕನ್ನಡಿ, ಕವಡೆ, ಬಣ್ಣದ ತುಂಡು ಬಟ್ಟೆ ಸೇರಿಸಿ ಹೊಲಿಯುವ ಕೈಗಳು ತಾಂಡಾದಲ್ಲಿ ಮೊದಲಿನಿಂದಲೂ ಇದ್ದವು. ಇಲ್ಲದಿದ್ದದ್ದು ಬಟ್ಟೆ ಒದಗಿಸುವವರು, ದೂರದ ಪೇಟೆಗೆ ಒಗ್ಗುವ ವಿನ್ಯಾಸ ಹೇಳುವವರು, ಹೊಲಿದದ್ದಕ್ಕೆ ಗಿರಾಕಿ ಹುಡುಕುವವರು. ಅದನ್ನೊಂದು ಸಂಸ್ಥೆ ವರ್ಷಗಟ್ಟಲೆ ಹೊತ್ತುಕೊಂಡದ್ದರಿಂದ ಕಸುಬು ಉಳಿಯಿತು. ಪ್ರತಿ ಹೆಣ್ಣುಮಗಳಿಗೂ ಒಂದೊಂದು ಸಾಲ ಕೊಟ್ಟು, ಹೋಗು ಮಾರಿಕೋ ಎಂದಿದ್ದರೆ ಉಳಿಯುತ್ತಿತ್ತೇ?

ಉಜಿರೆಯಲ್ಲಿ 1982ರಲ್ಲಿ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್, ಕೆನರಾ ಬ್ಯಾಂಕುಗಳ ಜೊತೆ ಸೇರಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆಯ ಬಲವೂ ಇದೇ. ತರಬೇತಿ ಕೊಟ್ಟು ಕೈಬಿಡದೆ, ಎರಡು ವರ್ಷ ಬೆನ್ನಹಿಂದೆ ನಿಲ್ಲುವ ಕ್ರಮ ಅದರದು. ದೇಶದ ಜಿಲ್ಲೆಜಿಲ್ಲೆಗಳಲ್ಲಿ ಈಗಿರುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿಗೆ ಮಾದರಿಯಾದದ್ದು ಅದೇ. ಕರ್ನಾಟಕ ಕಂಡುಕೊಂಡ ಪಾಠ ಇದು. ನಮ್ಮ ನಿಗಮಗಳ ಸಾಲಕ್ಕೆ ಅದನ್ನು ಜೋಡಿಸುವುದು ಹೊಸ ಸಂಶೋಧನೆಯೇನೂ ಆಗುವುದಿಲ್ಲ.

ಹಂಪಿಯ ನೆಲದಲ್ಲಿ ನಿಂತಾಗ ಇನ್ನೊಂದು ಹಳೆಯ ಪಾಠವೂ ನೆನಪಾಗುತ್ತದೆ. ಸದಾಶಿವರಾಯನ ಕಾಲದಲ್ಲಿ ಕೊಂಡೋಜ ಎಂಬ ಕ್ಷೌರಿಕನ ಕೆಲಸಕ್ಕೆ ಮೆಚ್ಚಿದ ಅಳಿಯ ರಾಮರಾಯ ಆ ಕಸುಬಿನವರಿಗೆ ತೆರಿಗೆ ಮನ್ನಾ ಮಾಡಿಸಿದ. ಬಿಟ್ಟಿ ದುಡಿಮೆ, ಮಹಾನವಮಿಯ ಪಂಜಿನ ಸೇವೆಯಂಥ ಹೊರೆಗಳಿಂದಲೂ ಅವರಿಗೆ ಬಿಡುಗಡೆ ಸಿಕ್ಕಿತು. ಅದನ್ನು ಶಾಸನಗಳಲ್ಲಿ ಬರೆಸಿದರು. ಅರಸರ ಕಾಲ ಚೆನ್ನಾಗಿತ್ತು ಎಂದು ಸಾಧಿಸಲು ಇದನ್ನು ಹೇಳುತ್ತಿಲ್ಲ. ಒಬ್ಬನ ಮೇಲಿನ ಮೆಚ್ಚುಗೆಯಿಂದ ಸಿಕ್ಕ ವಿನಾಯಿತಿಗೂ ನಾಗರಿಕನ ಹಕ್ಕಿಗೂ ಬಹಳ ದೂರವಿದೆ. ಆದರೆ ಹೊರೆ ಇಳಿಸುವುದೂ ನೆರವೇ, ಅದನ್ನು ನಾಳೆ ಯಾರೂ ಅಳಿಸದಂತೆ ಕಲ್ಲಿನಲ್ಲಿ ಕೊರೆದು ಭರವಸೆ ಕೊಡುವುದು ಇನ್ನೂ ದೊಡ್ಡ ನೆರವು ಎನ್ನುವುದು ಅಂದಿನವರಿಗೆ ತಿಳಿದಿತ್ತು.

ಆ ಭರವಸೆ ಎಷ್ಟು ಬೇಗ ಅಲುಗಾಡುತ್ತದೆ ಎನ್ನುವುದನ್ನು 2025ರ ಜುಲೈನಲ್ಲಿ ನೋಡಿದೆವು. ಯುಪಿಐ ವಹಿವಾಟಿನ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಹೋದವು. ಸರಕಿನ ವಹಿವಾಟು ವರ್ಷಕ್ಕೆ 40 ಲಕ್ಷ, ಸೇವೆಯದು 20 ಲಕ್ಷ ದಾಟಿದರೆ ನೋಂದಣಿ ಆಗಬೇಕೆಂಬುದು ಕಾನೂನು, ಸರಿ. ಆದರೆ ತರಕಾರಿ, ಹಾಲಿನಂಥ ತೆರಿಗೆಯಿಲ್ಲದ ಸರಕು ಮಾರುವವರಿಗೂ ನೋಟಿಸು ಬಂದಾಗ ದಿಗಿಲು ಹಬ್ಬಿತು. ಅಂಗಡಿಗಳು ಕ್ಯೂಆರ್ ಫಲಕ ತೆಗೆದು ‘ನಗದು ಮಾತ್ರ’ ಎಂದು ಬರೆದು ಹಾಕಿದವು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಮುಖ್ಯಮಂತ್ರಿಗಳು ಹೇಳಿದ ಮೇಲೆ ಬಿಸಿ ಆರಿತು. ಡಿಜಿಟಲ್ ಆಗಿ, ನಿಮ್ಮ ವಹಿವಾಟು ನೋಡಿ ಬ್ಯಾಂಕು ಸಾಲ ಕೊಡುತ್ತದೆ ಎಂದು ಕರೆದದ್ದೂ ಸರ್ಕಾರವೇ, ಅದೇ ಲೆಕ್ಕ ತೋರಿಸಿ ಬೆದರಿಸಿದ್ದೂ ಸರ್ಕಾರವೇ ಎಂದು ಜನರಿಗೆ ಅನಿಸಿದರೆ ಯಾವ ಸಾಲಮೇಳವೂ ಆ ನಂಬಿಕೆಯನ್ನು ಮರಳಿ ತಾರದು.

ಸಣ್ಣ ವ್ಯಾಪಾರಿಗೆ ಉಳಿತಾಯದ ಗೋಡೆ ಇಲ್ಲ. ಒಂದು ಹಂಗಾಮು ತಪ್ಪಿದರೆ, ಒಂದು ವಾರ ಜಾಗ ತಪ್ಪಿದರೆ, ಒಂದು ನೋಟಿಸಿಗೆ ಹೆದರಿ ಬಾಗಿಲು ಹಾಕಿದರೆ ಮತ್ತೆ ಏಳಲು ವರ್ಷಗಳು ಹಿಡಿಯುತ್ತವೆ. ಆದ್ದರಿಂದ ಅವನಿಗೆ ಬೇಕಾದ ಮೊದಲ ನೆರವು ನೆಲೆ: ಕೂರುವ ಜಾಗ ನಾಳೆಯೂ ಇರುತ್ತದೆ, ಸಾಲ ಹಂಗಾಮಿಗೆ ಮುಂಚೆ ಬರುತ್ತದೆ, ಕಂತು ಊರಿನ ದುಡ್ಡಿನ ಹರಿವಿಗೆ ಹೊಂದಿಕೊಳ್ಳುತ್ತದೆ, ತೊಡಕು ಬಂದಾಗ ಕೇಳಲು ಒಬ್ಬರಿದ್ದಾರೆ ಎಂಬ ಖಾತ್ರಿ. ಹಣ ಆ ನೆಲೆಯ ಮೇಲೆ ಬಿದ್ದರೆ ಮಾತ್ರ ಮೊಳೆಯುತ್ತದೆ.

ಮಾಡಬೇಕಾದ್ದು ಕಷ್ಟದ ಕೆಲಸವೂ ಅಲ್ಲ. ಪ್ರತಿ ವರ್ಷ ಇಲಾಖೆಗಳು ಎಷ್ಟು ಮಂದಿಗೆ, ಎಷ್ಟು ಕೋಟಿ ಕೊಟ್ಟೆವು ಎಂದು ಪ್ರಕಟಿಸುತ್ತವೆ. ಆ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಅಂಕಣ ಸೇರಲಿ: ಐದು ವರ್ಷದ ಹಿಂದೆ ನೆರವು ಪಡೆದ ಅಂಗಡಿಗಳಲ್ಲಿ ಇಂದು ಬಾಗಿಲು ತೆರೆದಿರುವವು ಎಷ್ಟು? ಹೊಸಪೇಟೆಯಲ್ಲಿ ಎಷ್ಟು, ಕಂಪ್ಲಿಯಲ್ಲಿ ಎಷ್ಟು, ಸಂಡೂರಿನ ತಾಂಡಾಗಳಲ್ಲಿ ಎಷ್ಟು? ಆ ಸಂಖ್ಯೆಯನ್ನು ಬರೆಯಲೇಬೇಕು ಎಂದಾದ ದಿನ ಅಧಿಕಾರಿಗಳು ತಾವಾಗಿಯೇ ಹಂಗಾಮು ಕೇಳುತ್ತಾರೆ, ಜಾಗ ವಿಚಾರಿಸುತ್ತಾರೆ, ಅಂಗಡಿಗೊಮ್ಮೆ ಹೋಗಿ ಬರುತ್ತಾರೆ. ಮುಂದಿನ ಬಜೆಟ್ಟಿನಲ್ಲಿ ಹೊಸ ಹೆಸರಿನ ಇನ್ನೊಂದು ಯೋಜನೆಗಿಂತ ನನಗೆ ಈ ಒಂದು ಅಂಕಣವೇ ಬೇಕು.