ಮಡಿದವರನ್ನು ಅರಸುವುದು

ಕುಲವನ್ನು ಅರಸಬಾರದೆಂದು ಶರಣರು ಬೋಧಿಸಿದರು. ಹೀಗಿರಲು, ಗೃಹಸ್ಥನೊಬ್ಬನು ತನ್ನ ವಂಶದ ಹಳೆಯ ದಾಖಲೆಗಳನ್ನು ಹುಡುಕಿ, ಅಕಾಲದಲ್ಲಿ ಮಡಿದ ಹಿರಿಯರ ವೃತ್ತಾಂತವನ್ನು ಕೆದಕುವುದು ಯುಕ್ತವೆ?

ಒಂದು ಮನೆಯನ್ನು ಭಾವಿಸೋಣ. ಸೊಸೆಯು ಕಾಲಿಟ್ಟ ವರ್ಷವೇ ಅತ್ತೆ, ಮಾವ, ಮೈದುನ ಮೂವರೂ ತೀರಿಕೊಂಡರು. ಅವಳ ಕಾಲ್ಗುಣವೇ ಇದಕ್ಕೆ ಕಾರಣವೆಂದು ಉಳಿದವರು ನಂಬಿದರು. ಆ ಮಾತನ್ನು ಹೊತ್ತುಕೊಂಡೇ ಅವಳು ಬಾಳನ್ನು ಸವೆಸಿದಳು. ಮರಿಮಕ್ಕಳ ಕಾಲಕ್ಕೆ ಅವಳ ಹೆಸರನ್ನು ಎತ್ತುವವರಿಲ್ಲದೆ ನಿಂದೆಯೊಂದೇ ಉಳಿಯಿತು.

ಮರಿಮಗನು ವಂಶಾವಳಿಯನ್ನು ಬರೆಯಲು ತೊಡಗಿದನೆನ್ನೋಣ. ಸುಗ್ಗಿಯ ತರುವಾಯ ಬರುವ ಹೆಳವನ ಪುಸ್ತಕದಲ್ಲಿ ಹೆಸರುಗಳು ದೊರೆತಾವು. ಸಾವಿನ ಕಾರಣವು ದೊರೆಯದೆ ಹೋದೀತು. ತಾಲ್ಲೂಕು ಕಚೇರಿಯಲ್ಲಿ ಉಳಿದಿರುವ ಹಳೆಯ ಜನನ ಮರಣದ ಪುಸ್ತಕವನ್ನು ಅವನು ತೆರೆಸುವನು. 1918ನೆಯ ಇಸವಿ, ಅಕ್ಟೋಬರ್ ತಿಂಗಳು. ಮೂರು ಹೆಸರುಗಳ ಮುಂದೆಯೂ ‘ಜ್ವರ’ ಎಂಬ ಒಂದೇ ಮಾತು. ಆದರೆ ಅದೇ ಪುಟದಲ್ಲಿ ಊರಿನ ಇತರ ಮನೆಗಳವರ ಹೆಸರುಗಳೂ ಇವೆ. ಅವುಗಳ ಮುಂದೆಯೂ ಅದೇ ಮಾತಿದೆ. ಆ ವರ್ಷ ಇನ್‌ಫ್ಲುಯೆಂಜಾ ಮಹಾಮಾರಿಯು ಮುಂಬಯಿಯಲ್ಲಿ ಕಾಣಿಸಿಕೊಂಡು, ಮಳೆಗಾಲದ ಕೊನೆಯಲ್ಲಿ ದೇಶವನ್ನೆಲ್ಲ ವ್ಯಾಪಿಸಿತ್ತು. ಭಾರತದಲ್ಲಿ ಒಂದು ಕೋಟಿಗೂ ಮಿಕ್ಕಿ ಜನರು ಮಡಿದರು. ಆ ಸಾವುಗಳನ್ನು ಬಹುಮಟ್ಟಿಗೆ ಜ್ವರವೆಂದೇ ಬರೆದಿಟ್ಟರು. ಪ್ರಾಯದ ಸ್ತ್ರೀಯರೇ ಹೆಚ್ಚಾಗಿ ಅದಕ್ಕೆ ತುತ್ತಾದರು. ಅಂಥದರಲ್ಲಿ ಬದುಕುಳಿದುದೇ ಆ ಸೊಸೆಯ ಅಪರಾಧವಾಯಿತು! ನಾಡಿಗೆಲ್ಲ ಬಂದ ಮೃತ್ಯುವನ್ನು ಒಬ್ಬ ಹೆಣ್ಣುಮಗಳ ತಲೆಗೆ ಕಟ್ಟಿದ್ದರು.

ಕುಲವನ್ನು ಅರಸುವವನು ಇತರರಿಗಿಂತ ಮೇಲೆ ನಿಲ್ಲಬಯಸುವನು. ಮಡಿದವರನ್ನು ಹೀಗೆ ಅರಸುವವನಾದರೋ ಹಿರಿಯರು ತೀರಿಸದೆ ಹೋದ ಋಣವನ್ನು ತೀರಿಸುವನು. ಇವೆರಡೂ ಒಂದೇ ಅಲ್ಲ. ಶರಣರು ನಿರಾಕರಿಸಿದ ಐದು ಸೂತಕಗಳಲ್ಲಿ ಮರಣದ ಸೂತಕವೂ ಒಂದು. ಸತ್ತವರ ಸೂತಕವೇ ಇಲ್ಲವೆಂದ ಮೇಲೆ, ಬದುಕಿರುವವಳಿಗೆ ಸಾವಿನ ಕಳಂಕವನ್ನು ಹಚ್ಚುವುದು ಯಾವ ಧರ್ಮ?

ಆದರೂ ಎಚ್ಚರಿಕೆ ಬೇಕು. ಎಲ್ಲ ದಾಖಲೆಗಳೂ ಸಮಾಧಾನವನ್ನು ಕೊಡುವುದಿಲ್ಲ. ಹಸಿವಿನಿಂದ ಸತ್ತವರು, ಕೆರೆಗೆ ಬಿದ್ದವರು ಸಹ ಅಲ್ಲಿ ಕಂಡಾರು. ಕಂಡುದನ್ನು ಕಂಡಷ್ಟೇ ಹೇಳಬೇಕು. ಊಹೆಯನ್ನು ಬೆರೆಸಿದರೆ ಮತ್ತೊಂದು ಕಾಲ್ಗುಣದ ಕಥೆ ಹುಟ್ಟುವುದು. ನಿಂದಿಸಿದ ಹಿರಿಯರನ್ನೂ ಈಗ ನಾವು ನಿಂದಿಸಬೇಕಾಗಿಲ್ಲ. ಒಂದೇ ತಿಂಗಳಲ್ಲಿ ಮೂರು ಸಮಾಧಿಗಳನ್ನು ತೋಡಿದವರು ದುಃಖದಿಂದ ಕಂಗೆಟ್ಟವರು.

ಹಿರಿಯರನ್ನು ನೆನೆಯುವ ದಿನ, ಆ ಸೊಸೆಯ ಹೆಸರನ್ನೂ ಮಕ್ಕಳ ಮುಂದೆ ಎತ್ತಿ ಹೇಳಲಿ. ಇಂದು ನಮ್ಮ ಮನೆಗೆ ಬಂದಿರುವ ಸೊಸೆಯ ವಿಷಯದಲ್ಲಿಯೂ ನಮ್ಮ ನಾಲಗೆ ಶುದ್ಧವಾಗಿರಲಿ.