ನಗದ ಮುಖ

ಬಸ್ಟರ್ ಕೀಟನ್‌ನ ಮೂಕಿ ಚಿತ್ರಗಳನ್ನು ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕವಳು ನಾನು. 1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ನಲ್ಲಿ ಬಿರುಗಾಳಿಗೆ ಮನೆಯ ಇಡೀ ಮುಂಗೋಡೆ ಅವನ ಮೇಲೆ ಮಗುಚುತ್ತದೆ. ಮೇಲಿನ ತೆರೆದ ಕಿಟಕಿ ಸರಿಯಾಗಿ ಅವನು ನಿಂತಲ್ಲಿಗೇ ಬಂದು ಜೀವ ಉಳಿಯುತ್ತದೆ. ಬಿದ್ದದ್ದು ರಟ್ಟಿನ ಗೋಡೆಯಲ್ಲ. ಆದರೂ ಅವನ ಮುಖದಲ್ಲಿ ಒಂದು ಗೆರೆ ಅಲುಗುವುದಿಲ್ಲ. ಆ ಮುಖ ಅವನಿಗೆ ಎಲ್ಲಿಂದ ಬಂತೆಂದು ತಿಳಿದ ಮೇಲೆ ನಗು ಗಂಟಲಲ್ಲೇ ನಿಲ್ಲುತ್ತದೆ.

ಅಮೆರಿಕದ ಕ್ಯಾನ್ಸಸ್‌ನಲ್ಲಿ 1895ರಲ್ಲಿ, ಊರೂರು ತಿರುಗಿ ವಿನೋದದ ಆಟ ಆಡುವ ದಂಪತಿಗೆ ಹುಟ್ಟಿದವನು. ಐದು ವರ್ಷದ ಸುಮಾರಿಗೇ ರಂಗ ಹತ್ತಿದ್ದ. ಆಟ ಇಷ್ಟೇ: ತುಂಟ ಮಗನನ್ನು ಅಪ್ಪ ಜೋ ದಂಡಿಸುವುದು. ಎತ್ತಿ ಪರದೆಗೆ ಎಸೆಯುತ್ತಿದ್ದ, ಕೆಲವೊಮ್ಮೆ ಕೆಳಗೆ ಕುಳಿತ ವಾದ್ಯದವರ ನಡುವೆ. ಹಿಡಿಯಲು ಅನುಕೂಲವಾಗಲೆಂದು ಹುಡುಗನ ಅಂಗಿಯ ಬೆನ್ನಿಗೆ ಸೂಟ್‌ಕೇಸಿನ ಹಿಡಿಯನ್ನೇ ಹೊಲಿದಿದ್ದರು! ಬಿದ್ದೆದ್ದು ಹುಡುಗ ನಕ್ಕರೆ ಜನ ನಗುತ್ತಿರಲಿಲ್ಲ. ಮುಖ ಕಲ್ಲು ಮಾಡಿಕೊಂಡರೆ ಸಭೆಯೆಲ್ಲ ಬಿದ್ದು ಬಿದ್ದು ನಗುತ್ತಿತ್ತು. ಹಾಗೆ ಕಲಿತ.

ಮಕ್ಕಳ ರಕ್ಷಣೆಯ ಸಂಘದವರು ಬೆನ್ನು ಹತ್ತಿದರು. ಮೈಮೇಲೆ ಬಾಸುಂಡೆ ಹುಡುಕಿದರು, ಸಿಗಲಿಲ್ಲ. 1960ರ ಆತ್ಮಕಥೆಯಲ್ಲೂ ಕೀಟನ್ ಅಪ್ಪನನ್ನು ಬಿಟ್ಟುಕೊಡಲಿಲ್ಲ. ಬೀಳುವ ಉಪಾಯ ತನಗೆ ಗೊತ್ತಿತ್ತು, ಪೆಟ್ಟಾಗುತ್ತಿರಲಿಲ್ಲ ಎಂಬುದೇ ಅವನ ಮಾತು.

ಅವನೇ ಹಾಗೆಂದ ಮೇಲೆ ಅನ್ಯಾಯವೆನ್ನಲು ನಾವು ಯಾರು? “ಅಪ್ಪ ಹೊಡೆದದ್ದಕ್ಕೇ ನಾವು ಮನುಷ್ಯರಾದೆವು” ಎನ್ನುವವರು ನಮ್ಮ ಮನೆಗಳಲ್ಲೂ ಇದ್ದಾರಲ್ಲ. ಅವರ ಮಾತು ಸುಳ್ಳೆನ್ನುವ ಧೈರ್ಯ ನನಗಿಲ್ಲ. ಆದರೆ ಐದು ವರ್ಷದ ಮಗು ಬೇಡವೆಂದು ಹೇಳುವುದಾದರೂ ಯಾರಿಗೆ? ಅದು ಬಿದ್ದರೆ ತಾನೇ ಮನೆಯವರಿಗೆಲ್ಲ ಊಟ! ನೋವನ್ನು ತೋರಿಸದಿರುವುದನ್ನೇ ವಿದ್ಯೆಯಾಗಿ ಕಲಿತವನ ಸಾಕ್ಷಿಯನ್ನು ಎಷ್ಟು ನಂಬಬೇಕು? 1924ರ ‘ಶರ್ಲಾಕ್ ಜೂನಿಯರ್’ ಚಿತ್ರೀಕರಣದಲ್ಲಿ ನೀರಿನ ರಭಸಕ್ಕೆ ರೈಲುಹಳಿಯ ಮೇಲೆ ಬಿದ್ದು ಅವನ ಕತ್ತಿನ ಮೂಳೆ ಮುರಿದಿತ್ತು. ತಲೆನೋವೆಂದುಕೊಂಡು ಕೆಲಸ ಮುಂದುವರಿಸಿದ. ಮುರಿದದ್ದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಎಕ್ಸ್‌ರೇ ತೆಗೆದಾಗ.

ನನ್ನನ್ನು ಹೆಚ್ಚು ಕಾಡುವವಳು ತಾಯಿ ಮೈರಾ. ಅದೇ ರಂಗದ ಮೇಲೆ ಅವಳು ಸ್ಯಾಕ್ಸಫೋನ್ ನುಡಿಸುತ್ತಿದ್ದಳು. ಮಗ ಹಾರಿ ಬೀಳುವಾಗ ಉಸಿರು ತಪ್ಪದಂತೆ ಹೇಗೆ ಊದಿದಳೋ! ಗಂಡನ ಕುಡಿತ ಮಿತಿಮೀರಿ, ಎಸೆಯುವ ಕೈಯ ಲೆಕ್ಕ ತಪ್ಪತೊಡಗಿದ ಮೇಲೆ, 1917ರ ಹೊತ್ತಿಗೆ ತಾಯಿ ಮಗ ಇಬ್ಬರೂ ಅವನನ್ನು ಬಿಟ್ಟು ಹೊರಟರು. ಮಗನಿಗಾಗ ಇಪ್ಪತ್ತೊಂದು.

ಮುಂದೆ ಸ್ವತಃ ಚಿತ್ರ ಮಾಡುವಾಗ ಕೀಟನ್ ಅದೇ ಅಪ್ಪನನ್ನು ಕರೆದು ಪಾತ್ರ ಕೊಟ್ಟ. 1923ರ ‘ಅವರ್ ಹಾಸ್ಪಿಟಾಲಿಟಿ’ಯಲ್ಲಿ ರೈಲು ನಡೆಸುವವನು ಜೋ ಕೀಟನ್.